ಮಾವಶಿಯ ಬರಿಗಾಲು

ಪಾತ್ರೆ ತೊಳೆಯುವ ಹೆಂಗಸು ಬಂದು, ಹೊಸ ಯಂತ್ರ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದರೆ ನೀವು ಮೊದಲು ಅನುಮಾನಿಸುವುದು ಯಂತ್ರವನ್ನೋ, ಆಕೆಯನ್ನೋ? ನಾನು ಆಕೆಯನ್ನು ಅನುಮಾನಿಸಿದೆ. ಎದುರಾಳಿಯ ವಾದದ ಬುಡವನ್ನೇ ಮೊದಲು ಅಲುಗಿಸಿ ನೋಡಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತವಳು ನಾನು. ನನ್ನ ವಾದಕ್ಕೂ ಒಂದು ಬುಡವಿರುತ್ತದೆ ಎಂಬುದನ್ನು ಮಾತ್ರ ಮರೆತಿದ್ದೆ.

ಹಿಂದವಾಡಿಯ ಒಂದು ಹಳೆಯ ಮನೆಯ ಹಿಂಭಾಗದಲ್ಲಿ ನಮ್ಮ ಮಹಿಳಾ ಮಂಡಳದ ಖಾನಾವಳಿ ನಡೆಯುತ್ತಿತ್ತು. ಈಗ ಆ ಮನೆಯಿಲ್ಲ. ಆದರೂ ಆ ಓಣಿಗೆ ಹೋದಾಗಲೆಲ್ಲ ರೊಟ್ಟಿ ಬಡಿಯುವ ಸದ್ದಿಗಾಗಿ ಒಂದು ಗಳಿಗೆ ನಿಲ್ಲುತ್ತೇನೆ. ಪಾತ್ರೆಗಳ ಹೊಣೆ ಖಾನಾಪುರದಿಂದ ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದ ಹಿರಿಯ ಹೆಂಗಸಿನದು. ಎಲ್ಲರೂ ಅವರನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಮಾವಶಿ ಎಂದೇ ಕರೆಯುತ್ತಿದ್ದೆವು. ಮರಾಠಿಯಲ್ಲಿ ಬೈದು ಕನ್ನಡದಲ್ಲಿ ರಮಿಸುವವರು. ಬೇಸಿಗೆ ಬಂತೆಂದರೆ ಎಲೆಯ ಪೊಟ್ಟಣದಲ್ಲಿ ಕವಳಿ ಹಣ್ಣು ಕಟ್ಟಿಕೊಂಡು ಬಂದು, ಕೈ ತೊಳೆಯದವರಿಗೆ ಕೊಡುತ್ತಿರಲಿಲ್ಲ. ಸೋಡಾಪುಡಿಗೆ ಅವರ ಬೆರಳ ಸಂದಿಗಳು ಒಡೆದಿದ್ದವು. ರೊಟ್ಟಿ ಮುರಿಯುವಾಗಲೂ ಮುಖ ಕಿವುಚುತ್ತಿದ್ದರು.

ಆ ಬೆರಳುಗಳಿಗಾಗಿಯೇ ನಾನು ಮಂಡಳದಲ್ಲಿ ವಾದಿಸಿದೆ. ಹೋಟೆಲುಗಳಲ್ಲಿ ಇಡುವಂಥ, ಪಾತ್ರೆ ತೊಳೆಯುವ ದೊಡ್ಡ ಯಂತ್ರ ಬರಬೇಕು, ಮಾವಶಿಯ ಕೆಲಸ ಹೋಗಬಾರದು, ಯಂತ್ರವನ್ನು ಅವರೇ ನಡೆಸಬೇಕು ಎಂದೆ. ಗೆದ್ದೆ. ಯಂತ್ರ ಬಂತು. ಮೊದಲು ವೈರ್‌ಮನ್ ಬಂದು ಕರೆಂಟು ಕೊಟ್ಟು ಹೋದ. ಎರಡು ದಿನ ಬಿಟ್ಟು ನಳದ ಕೆಲಸದವನು ಬಂದು ನೀರು ಕೊಟ್ಟ. ಇಬ್ಬರನ್ನೂ ಒಟ್ಟಿಗೆ ಕರೆಸುವಷ್ಟು ತಾಳ್ಮೆ ನನಗಿರಲಿಲ್ಲ. ಉದ್ಘಾಟನೆಯ ದಿನ ಗೊತ್ತಾಗಿಹೋಗಿತ್ತು. ಎಲ್ಲರಿಗೂ ಸಿಹಿ ಕುಂದಾ ಹಂಚಿ, ಶ್ರಮದ ಘನತೆಯ ಬಗ್ಗೆ ಭಾಷಣ ಮಾಡಿದೆ.

ಮೂರನೆಯ ದಿನ ಮಾವಶಿ ನನ್ನ ಹತ್ತಿರ ಬಂದರು. "ಅಕ್ಕಾರ, ಮಶೀನು ಮುಟ್ಟಿದ್ರ ಕೈ ಜುಮ್ ಅಂತೈತ್ರಿ."

ರೊಟ್ಟಿ ಬಡಿಯುತ್ತಿದ್ದವಳು ನಕ್ಕಳು. "ಹೊಸಾ ಅಳಿಯಾ ಅದಾನ ಮಾವಶಿ, ನಾಚಕೋತಾನ. ಹಗೂರ್ಕ ಮುಟ್ರಿ."

"ನಾಚಿದ್ರ ಕಚ್ಚತಾನೇನವಾ?"

ಯಂತ್ರವಿದ್ದದ್ದು ಹಿತ್ತಲ ಬಾಗಿಲಿನ ಪಕ್ಕದಲ್ಲೇ. ನಾನು ಹೊರಗೆ ನಿಂತೇ ಕೈ ಚಾಚಿ ಅದರ ಮೈ ಮುಟ್ಟಿದೆ. "ಏನೂ ಇಲ್ಲಲ್ರಿ ಮಾವಶಿ. ಹೊಸಾದಕ್ಕ ಅಂಜಬಾರದು."

ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. "ನೀವು ಚಪ್ಪಲ್ ಮ್ಯಾಲ ಅದೀರಿ."

ನಮ್ಮ ಖಾನಾವಳಿಯಲ್ಲಿ ಒಲೆಯಿರುವ ಕೋಣೆಗೆ ಯಾರೂ ಚಪ್ಪಲಿ ಮೆಟ್ಟಿ ಬರುವಂತಿರಲಿಲ್ಲ. ಮಾವಶಿ ದಿನವಿಡೀ ನಿಲ್ಲುತ್ತಿದ್ದದ್ದು ನೀರು ಹರಿಯುವ ಕಲ್ಲಿನ ಮೇಲೆ, ಬರಿಗಾಲಲ್ಲಿ. ಇಷ್ಟು ತಿಳಿದದ್ದೇ ನನ್ನೊಳಗಿನ ಸುಧಾರಕಿ ಎದ್ದು ನಿಂತಳು. ಸಭೆ ಕರೆದೆ. ಆಚಾರಕ್ಕಿಂತ ಜೀವ ದೊಡ್ಡದೆಂದು ಸೊಗಸಾಗಿ ಮಾತಾಡಿದೆ. ಹಿರಿಯರೂ ಒಪ್ಪಿದರು. ಮರುದಿನ ಮಾವಶಿಗೆ ರಬ್ಬರಿನ ಚಪ್ಪಲಿ ತಂದುಕೊಟ್ಟೆ. ಮೆಟ್ಟಿಕೊಂಡು ಯಂತ್ರ ಮುಟ್ಟಿದರು, ಜುಮ್ಮೆನ್ನಲಿಲ್ಲ. ನಾನು ಎರಡನೆಯ ಸಲವೂ ಗೆದ್ದೆನೆಂದುಕೊಂಡೆ.

ಸಂಜೆ ನೋಡಿದರೆ ಚಪ್ಪಲಿ ಗೋಡೆಯ ಬದಿಗೆ ಇತ್ತು. ಯಂತ್ರ ನಿಂತಿತ್ತು. ಮಾವಶಿ ಮತ್ತೆ ಹಳೆಯ ಬಾನಿಯ ಮುಂದೆ ಕುಳಿತು ಕೈಯಿಂದಲೇ ತಿಕ್ಕುತ್ತಿದ್ದರು.

"ಯಾಕ್ರಿ ಮಾವಶಿ, ಚಪ್ಪಲಿ ಕಚ್ಚತಾವೇನು?"

"ಚಪ್ಪಲಿ ಹಾಕ್ಕೊಂಡ್ರ ನನಗ ಗೊತ್ತಾಗಂಗಿಲ್ಲ, ಅಷ್ಟ. ಮಶೀನ್ಯಾಗಿಂದು ಹಂಗ ಇರತೈತಲ್ರಿ ಅಕ್ಕಾರ. ನಾಳೆ ಮತ್ತ್ಯಾರೋ ಬರಿಗಾಲಿಲೆ ಬಂದು ಮುಟ್ಟತಾರ."

ಇಷ್ಟು ವರ್ಷಗಳ ಚರ್ಚೆಯಲ್ಲಿ ಅಷ್ಟು ನೇರವಾದ ಉತ್ತರ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ.

ಮರುದಿನ ವೈರ್‌ಮನ್ನನ್ನೂ ನಳದವನನ್ನೂ ಒಟ್ಟಿಗೆ ಕರೆಸಿದೆ. ಮುಖ್ಯ ಸ್ವಿಚ್ ಆರಿಸಿ ಹಿಂಬದಿ ನೋಡಿದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ತಂತಿಯನ್ನು, ಹಳೆಯ ಮನೆಗಳ ರೂಢಿಯಂತೆ, ನೀರಿನ ಕಬ್ಬಿಣದ ಪೈಪಿಗೆ ವೈರ್‌ಮನ್ ಬಿಗಿದಿದ್ದ. ಆಮೇಲೆ ಬಂದ ನಳದವನು ಗೋಡೆಯಾಚೆ ಅದೇ ಪೈಪನ್ನು ಕತ್ತರಿಸಿ ಪ್ಲಾಸ್ಟಿಕ್ ಪೈಪು ಜೋಡಿಸಿದ್ದ. ತಂತಿ ಅಚ್ಚುಕಟ್ಟಾಗಿ ಬಿಗಿದೇ ಇತ್ತು. ಬಿಗಿದದ್ದು ನೆಲ ಮುಟ್ಟದ ಒಂದು ಮೊಂಡು ತುಂಡಿಗೆ.

"ನಾ ಕಟ್ಟಿದ್ದು ಖರೇ ಅಕ್ಕಾರ," ಎಂದ ವೈರ್‌ಮನ್, "ಇಂವಾ ಕಡದಾನ."

"ನನಗ್ಯಾರು ಹೇಳ್ಯಾರೋ ಮಾರಾಯಾ? ನಾ ನೀರಿನಾಂವ."

ಇಬ್ಬರೂ ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನೇ ಆಗಿದ್ದೆ. ನೀರಿನ ಪೈಪನ್ನು ನಂಬಿದ್ದೇ ಮೊದಲ ತಪ್ಪು ಎಂದು ವೈರ್‌ಮನ್ ಆಮೇಲೆ ಒಪ್ಪಿಕೊಂಡ. ಯಂತ್ರದೊಳಗೆ ನೀರು ಕಾಯಿಸುವ ಭಾಗದಿಂದ ಕರೆಂಟು ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ಅದು ಇಳಿದುಹೋಗಲು ಮಾವಶಿಯ ಮೈಯ ಹೊರತು ಬೇರೆ ದಾರಿಯಿರಲಿಲ್ಲ. "ಇನ್ನೊಂದೀಟು ಸೋರಿದ್ರ..." ಎಂದವನು ಮಾವಶಿಯ ಬರಿಗಾಲುಗಳತ್ತ ನೋಡಿದ. ಮಾವಶಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

ಹಿತ್ತಲಲ್ಲಿ ಅರ್ಥಿಂಗಿಗೆಂದೇ ಹೊಸ ಗುಂಡಿ ತೋಡಿಸಿದೆವು. ಸೋರುತ್ತಿದ್ದ ಭಾಗ ಬದಲಾಯಿತು. ಯಂತ್ರಕ್ಕೆ ಪ್ರತ್ಯೇಕ ಕೇಬಲ್ಲು ಬಂತು. ನೀರು ಸಿಡಿಯದ ಎತ್ತರದಲ್ಲಿ ಸ್ವಿಚ್ಚು, ಅದರ ಜೊತೆಗೆ ಕರೆಂಟು ಸೋರಿದೊಡನೆ ತಾನಾಗಿ ಆರಿಹೋಗುವ ಪೆಟ್ಟಿಗೆ. ನಳದವನು ಯಂತ್ರಕ್ಕೇ ಒಂದು ಬೇರೆ ವಾಲ್ವ್ ಕೂಡಿಸಿ, ಪ್ರತಿ ಜೋಡಣೆಗೂ ಒಣ ಕಾಗದ ಸುತ್ತಿ, ಒಂದು ಹನಿಯೂ ಜಿನುಗುತ್ತಿಲ್ಲವೆಂದು ತೋರಿಸಿದ. ಮೀಟರು ಹಿಡಿದು ನೋಡಿಯಾದ ಮೇಲೆಯೇ ಮಾವಶಿ ಮುಟ್ಟಿದರು.

"ಈಗ ಅಳಿಯಾ ಶಾಣ್ಯಾ ಆದ," ಎಂದರು. ಆಮೇಲೆ ತಾವಾಗಿಯೇ ಚಪ್ಪಲಿ ಮೆಟ್ಟಿದರು.

ಮೊನ್ನೆ ಖಾನಾಪುರದಲ್ಲಿ ಹೆಣ್ಣುಮಕ್ಕಳ ಸಂಘವೊಂದು ಅಂಥದೇ ಯಂತ್ರ ಕೂಡಿಸಿತು. ನನ್ನನ್ನು ಭಾಷಣಕ್ಕೆ ಕರೆದಿದ್ದರು. ಮುಂದಿನ ಸಾಲಿನಲ್ಲಿ ಮಾವಶಿ ಕುಳಿತಿದ್ದರು, ತಲೆ ಪೂರಾ ಬೆಳ್ಳಗಾಗಿದೆ. ನಾನು ಮೈಕಿನ ಮುಂದೆ ಹೋಗುವ ಮೊದಲೇ ಅವರು ಎದ್ದು ಕೇಳಿದರು: "ಹಸರ ವೈರು ಎಲ್ಲಿ ಮಟಾ ಹೋಗೇತಿ? ತೋರಸ್ರಿ." ಉದ್ಘಾಟನೆ ನಿಲ್ಲಿಸಿ ಎಲ್ಲರೂ ಹಿತ್ತಲಿಗೆ ನಡೆದೆವು. ನಾನು ಸಿದ್ಧಪಡಿಸಿದ್ದ ಭಾಷಣ ಚೀಲದಲ್ಲೇ ಉಳಿಯಿತು.

ನಿಮ್ಮ ಅಡುಗೆಮನೆಗೆ ಇಂಥ ಯಂತ್ರ ಬಂದರೆ, ಪರವಾನಗಿಯುಳ್ಳ ವೈರ್‌ಮನ್ನನ್ನೂ ನಳದವರನ್ನೂ ಒಂದೇ ದಿನ ಕರೆಸಿ. ಹಸಿರು ತಂತಿ ನೆಲ ಸೇರುವ ಜಾಗಕ್ಕೆ ನಡೆದು ಹೋಗಿ ನೋಡಿ. ಜುಮ್ಮೆನ್ನುತ್ತದೆ ಎಂದು ಯಾರಾದರೂ ಹೇಳಿದರೆ, ಯಂತ್ರ ಮುಟ್ಟದೆ ಮೊದಲು ಮುಖ್ಯ ಸ್ವಿಚ್ ಆರಿಸಿ.