ನಾನು ಕೂಗಿದ್ದಕ್ಕೆ ಕಿರೀಟ ತೆಗೆದಿಟ್ಟ ಪಹರೆಯವ

ಮೊನ್ನೆ ಮೊಮ್ಮಗಳು ಟಿವಿಯಲ್ಲಿ ಹಚ್ಚಿದ ಮಲಯಾಳಂ ಸಿನಿಮಾ ನೋಡುತ್ತ, ಚಹಾ ಅಂಗಡಿಯವನ ಒಂದು ಸಣ್ಣ ಪಾತ್ರಕ್ಕೆ ಅತ್ತುಬಿಟ್ಟೆ. ಆ ಭಾಷೆ ನನಗೆ ಒಂದಕ್ಷರ ತಿಳಿಯುವುದಿಲ್ಲ.

“ಅಜ್ಜಿ, ಮೂವತ್ತು ವರ್ಷ ಆತು, ಇಂವಾ ಇಂಥಾ ಸಣ್ಣ ಪಾರ್ಟೇ ಮಾಡ್ತಾನ. ಇಂವನ್ನ ನೋಡಾಕಂತನ ಮಂದಿ ಬರ್ತಾರ. ಒಮ್ಮೆ ಹೀರೋ ಆಗಿದ್ದಾ... ಯಾರೂ ನೋಡ್ಲಿಲ್ಲ,” ಅಂದಳು.

ಆ ಮಾತಿಗೆ ಸುಮಾರು ಎಂಬತ್ತು ವರ್ಷದ ಹಿಂದಿನ ಒಂದು ಆಟ ನೆನಪಾಯಿತು.

ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ನನಗೆ ಒಂಬತ್ತು ವರ್ಷ. ಅಪ್ಪ ಅರಮನೆಯ ಬಾಗಿಲಲ್ಲಿ ಪಹರೆಗೆ ನಿಲ್ಲುತ್ತಿದ್ದರು.

ಊರಿಗೆ ನಾಟಕ ಕಂಪನಿ ಬಂತು. ಹೆಂಗಸರಿಗೆಂದೇ ಮಧ್ಯಾಹ್ನದ ಆಟ. ಸೋದರತ್ತೆಯ ಜೊತೆ ನಾಲ್ಕು ಸಲ ಹೋದೆ, ಅದೂ ಗುರಪ್ಪ ಎಂಬ ನಟನಿಗಾಗಿ.

ರಾಜನ ಬಾಗಿಲಲ್ಲಿ ಈಟಿ ಹಿಡಿದು ನಿಲ್ಲುವ ಪಹರೆಯವನ, ನಮ್ಮ ಮಾತಿನಲ್ಲಿ ‘ಪಾರೇದಾಂವ’ನ ಪಾತ್ರ, ಒಂದೂ ಡೈಲಾಗ್ ಇಲ್ಲ. ರಾಜ ಅಬ್ಬರಿಸುತ್ತಿದ್ದರೆ ಇವರು ಮೆಲ್ಲಗೆ ಒಂದು ಕಾಲೆತ್ತಿ ಇನ್ನೊಂದರ ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು. ಥೇಟ್ ನಮ್ಮಪ್ಪ!

ಐದನೇ ಸಲ ಹೋದಾಗ ರಾಜನ ಪಾತ್ರಧಾರಿಗೆ ಜ್ವರ. ಕಿರೀಟ ತೊಟ್ಟು ಬಂದವರು ಗುರಪ್ಪ.

ಆ ದನಿ, ಆ ನಡಿಗೆ... ಮೊದಲಿನವನಿಗಿಂತ ಛಲೋ ಮಾಡುತ್ತಿದ್ದರು. ಆದರೂ ನನ್ನ ಕಣ್ಣು ಆ ಖಾಲಿ ಬಾಗಿಲ ಮೇಲೆಯೇ.

ಅದೇನಾಯಿತೋ, ಎದ್ದು ನಿಂತು ಕೂಗಿದೆ: “ಪಾರೇದಾಂವ ಎಲ್ಲಿ?”

ಹೆಂಗಸರು ನಕ್ಕರು. ಆಮೇಲೆ ಇಡೀ ಡೇರೆಯೇ ಕೂಗತೊಡಗಿತು. “ಪಾರೇದಾಂವನ್ನ ಕರೀರಿ!”

ಗುರಪ್ಪ ಮಾತು ನಿಲ್ಲಿಸಿದರು. ಈಗಲೂ ಕಣ್ಣ ಮುಂದಿದೆ... ಕಿರೀಟ ತೆಗೆದು ಸಿಂಹಾಸನದ ಮೇಲಿಡುತ್ತಾರೆ. ಒಳಗಿನಿಂದ ಈಟಿ ತಂದು ಬಾಗಿಲಲ್ಲಿ ನಿಲ್ಲುತ್ತಾರೆ. ಚಪ್ಪಾಳೆಯೋ ಚಪ್ಪಾಳೆ!

ರಾಜನ ಮಾತುಗಳನ್ನು ಮ್ಯಾನೇಜರ್ ಪುಸ್ತಕ ನೋಡಿ ಓದಿ ಮುಗಿಸಿದರು.

ಆಟ ಬಿಟ್ಟ ಮೇಲೆ, ತಪ್ಪಾಯಿತೆಂದು ಹೇಳಿಸಲು ಅತ್ತೆ ನನ್ನನ್ನು ಡೇರೆಯ ಹಿಂದೆ ಎಳೆದೊಯ್ದಳು. ಗುರಪ್ಪ ಬಣ್ಣ ಒರೆಸಿಕೊಳ್ಳುತ್ತಿದ್ದರು.

“ಖರೆ ಹೇಳವಾ, ರಾಜನ ಪಾರ್ಟ್ ಕೆಟ್ಟಿತ್ತೇನು?”

“ಇಲ್ಲರಿ, ಭಾಳ ಛಲೋ ಇತ್ತು.”

“ಮತ್ಯಾಕ ಕೂಗಿದಿ?”

ನಾನು ಅತ್ತೆಯ ಸೆರಗಿನ ಹಿಂದೆ ಸರಿದೆ. ಅವರು ನಕ್ಕು ನನ್ನ ತಲೆ ಸವರಿದರು. ಅದು ಎಂಥ ನಗುವೋ, ಎಂಬತ್ತೆಂಟರ ಈ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ.

ಮುಂದೆ ಅವರು ಎಂದೂ ರಾಜನಾಗಲಿಲ್ಲವಂತೆ. ಆದರೆ ಮುಧೋಳ, ಬನಹಟ್ಟಿಯಲ್ಲೆಲ್ಲ ಆ ಪಹರೆಯವನನ್ನು ನೋಡಲೆಂದೇ ಡೇರೆ ತುಂಬುತ್ತಿತ್ತಂತೆ.

ನನ್ನ ಜಾಗದಲ್ಲಿ ನೀವಿದ್ದಿದ್ದರೆ ಅವರಿಗೆ ಏನೆಂದು ಉತ್ತರ ಕೊಡುತ್ತಿದ್ದಿರಿ?