ಖಂಡೇನವಮಿಯ ಬಿಲ್ಲೆ

ದಾದರ್ ಸ್ಟೇಷನ್ನಿನ ಪೂರ್ವಕ್ಕೆ, ರೈಲು ಹಳಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದು ತಗಡಿನ ಗ್ಯಾರೇಜಿನಲ್ಲಿ ಗದಿಗೆಪ್ಪ ಹದಿನೆಂಟು ವರ್ಷದಿಂದ ಮಿಸ್ತ್ರಿಯಾಗಿದ್ದ. ಅಷ್ಟರಲ್ಲಿ ಮಾಲೀಕರು ಮೂರು ಸಲ ಬದಲಾದರು, ಬಾಗಿಲ ಮೇಲಿನ ಹೆಸರೂ ಮೂರು ಸಲ ಬದಲಾಯಿತು. ಲಾರಿ ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಗದಿಗೆಪ್ಪನ ಗ್ಯಾರೇಜೇ. ಅವನ ಕೈ ದಾಟಿದ ಗಾಡಿ ನಡುದಾರಿಯಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಫೋರ್ಟಿನಿಂದ ಠಾಣೆಯವರೆಗೆ ಚಾಲ್ತಿಯಲ್ಲಿತ್ತು. ಅದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಮೊದಲು ನಂಬಿದವನು ಗದಿಗೆಪ್ಪ. ಬೈಗುಳ ಕೇಳಿ ಕೆಟ್ಟವರು ಕಡಿಮೆ, ಹೊಗಳಿಕೆ ಕೇಳಿ ಕೆಟ್ಟವರೇ ಹೆಚ್ಚು. ಐವತ್ನಾಲ್ಕನೆಯ ಇಸವಿಯ ದಸರೆಯ ಹೊತ್ತಿಗೆ ಆ ಹೊಗಳಿಕೆ ಅವನಿಗೆ ಚೆನ್ನಾಗಿಯೇ ತಲೆಗೇರಿತ್ತು.

ಊರು ಬೈಲಹೊಂಗಲದ ಕಡೆ. ಅಪ್ಪ ಶೆಟ್ಟೆಪ್ಪ ಕಮ್ಮಾರ. ನವರಾತ್ರಿಯ ಒಂಬತ್ತನೆಯ ದಿನ, ಖಂಡೇನವಮಿಗೆ, ಅವರ ಮನೆಯಲ್ಲಿ ಹತ್ಯಾರಗಳನ್ನೆಲ್ಲ ತೊಳೆದು ಕುಂಕುಮ ಹಚ್ಚಿ ಪೂಜೆಗೆ ಕೂಡಿಸುತ್ತಿದ್ದರು. ಕೂಡಿಸಿದ ಮೇಲೆ ಮರುದಿನ ಬನ್ನಿ ಹಂಚಿಕೊಳ್ಳುವವರೆಗೆ ಅವು ಸುತ್ತಿಗೆಯಲ್ಲ, ಇಕ್ಕಳವಲ್ಲ, ಸಾಕ್ಷಾತ್ ದೇವಿ. ಎತ್ತುವ ಹಾಗಿಲ್ಲ. ಒಂದು ವರ್ಷ ಮದುವೆ ದಿಬ್ಬಣದ ಚಕ್ಕಡಿಯೊಂದು ಬಾಗಿಲಲ್ಲೇ ಮುರಿದು ನಿಂತಿತು. ಶೆಟ್ಟೆಪ್ಪ ಜನರ ಒತ್ತಾಯಕ್ಕೆ ಕಟ್ಟುಬಿದ್ದು ಸುತ್ತಿಗೆ ಎತ್ತಿದ. ಮೂರನೆಯ ಏಟಿಗೆ ಕಬ್ಬಿಣದ ಚೂರು ಹಾರಿ ಎಡಗಣ್ಣಿಗೆ ನೆಟ್ಟಿತು. ತಿದಿ ಒತ್ತುತ್ತ ಕೂತಿದ್ದ ಮಗ ಅದನ್ನು ಕಂಡಿದ್ದ. ಮುಂದೆ ಮುಂಬಯಿಗೆ ಬಂದು, ಮರಾಠಿ ಕಲಿತು, ಪ್ಯಾಂಟು ಹಾಕಿ, ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ ಆದರೂ ಖಂಡೇನವಮಿ ಬಂದರೆ ಸಾಕು, ಪೂಜೆಗೆ ಕೂತ ಹತ್ಯಾರದಿಂದ ಅವನು ಮಾರು ದೂರ ನಿಲ್ಲುತ್ತಿದ್ದ.

ಹೆಂಡತಿ ರುದ್ರವ್ವ. ಮಕ್ಕಳಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ರುದ್ರವ್ವನ ತಮ್ಮ ಈರಣ್ಣನನ್ನು ಹನ್ನೆರಡನೆಯ ವಯಸ್ಸಿಗೆ ಮುಂಬಯಿಯ ಚಾಳಿನ ಕೋಣೆಗೆ ಕರೆತಂದು ಗಂಡಹೆಂಡಿರು ಮಗನ ಹಾಗೆ ಬೆಳೆಸಿದ್ದರು. ಈಗ ಅವನಿಗೆ ಇಪ್ಪತ್ತೈದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಲಾರಿಯೊಂದನ್ನು ಒಬ್ಬ ಸೇಠ್‌ಗಾಗಿ ಓಡಿಸುತ್ತಿದ್ದ. ಗದಿಗೆಪ್ಪ ಅವನನ್ನು ದಿನಕ್ಕೆ ಹತ್ತು ಸಲ ಬೈಯುತ್ತಿದ್ದ. ಅವನು ಊಟಕ್ಕೆ ಬರುವುದು ತಡವಾದರೆ ಮಾತ್ರ ತಾನೂ ತಟ್ಟೆ ಮುಟ್ಟುತ್ತಿರಲಿಲ್ಲ.

ಆ ನವಮಿಯ ಬೆಳಿಗ್ಗೆ ಗ್ಯಾರೇಜಿನ ಹತ್ಯಾರಗಳೆಲ್ಲ ಮಣೆಯ ಮೇಲೆ ಸಾಲಾಗಿ ಕೂತವು. ಈರಣ್ಣನೂ ಲಾರಿಯ ಪಾನೆ, ಸ್ಕ್ರೂಡ್ರೈವರು, ಸುತ್ತಿಗೆಗಳನ್ನು ತಂದು ಅಲ್ಲೇ ಇಟ್ಟ. ಪೂಜೆ ಮುಗಿಸಿ ಲಾರಿಗೂ ಆರತಿ ಎತ್ತಿದರು. ಅದರ ಮೇಲೆ ಮಿಲ್ಲಿನ ಅರಿವೆಯ ಗಂಟುಗಳು ಹಿಂದಿನ ದಿನವೇ ಏರಿದ್ದವು, ಸಂಜೆಗೆ ಪುಣೆ ಮುಟ್ಟಬೇಕಿತ್ತು. ರುದ್ರವ್ವ ಮುಂದಿನ ಗಾಲಿಯಡಿ ನಿಂಬೆಹಣ್ಣು ಇಟ್ಟಳು. ಈರಣ್ಣ ಗಾಡಿ ಒಂದು ಮೊಳ ಮುಂದೆ ತಂದ. ಹಣ್ಣು ಒಡೆಯಲಿಲ್ಲ. ಪಕ್ಕಕ್ಕೆ ಚಿಮ್ಮಿ ಗಟಾರಕ್ಕೆ ಉರುಳಿತು.

“ಈರ್ಯಾ, ಇನ್ನೊಂದ ಹಣ್ಣ ತರ್ತೀನಿ ತಡಿ,” ಅಂದಳು ರುದ್ರವ್ವ. ಅವಳ ಮುಖ ಸಪ್ಪಗಾಗಿತ್ತು.

“ಬಿಡ ಅಕ್ಕಾ, ನಮ್ಮ ಗಾಡಿಗಿ ದಯಾ ಬಾಳ,” ಎಂದು ನಕ್ಕು ಕೆಳಗಿಳಿದ ಈರಣ್ಣ ಅಲ್ಲೇ ಬಗ್ಗಿ ನೋಡಿದ. “ಮಾಮಾ, ಇಲ್ನೋಡು. ನೀರ ಬೀಳಾಕತ್ತೈತಿ.”

ಎಂಜಿನ್ನಿನ ಪಕ್ಕದಿಂದ ಕೆಂಪು ತುಕ್ಕಿನ ನೀರು ತೊಟ್ಟಿಕ್ಕುತ್ತಿತ್ತು. ಗದಿಗೆಪ್ಪ ಕೈ ಹಾಕಿ ತಡವಿದ. ಎಂಜಿನ್ನಿನ ಬ್ಲಾಕಿನಲ್ಲಿ ನೀರು ಓಡಾಡುವ ಜಾಗದ ಗೋಡೆಗೆ ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದಾದ ತೂತುಗಳಿರುತ್ತವೆ. ಅವುಗಳ ಬಾಯಿಗೆ ಬಟ್ಟಲಿನಾಕಾರದ ತಗಡಿನ ಬಿಲ್ಲೆ ಬಡಿದು ಕೂರಿಸಿರುತ್ತಾರೆ. ವಿಲಾಯತಿಯ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದರೆ ಬ್ಲಾಕು ಸೀಳದೆ ಈ ಬಿಲ್ಲೆ ಮಾತ್ರ ಹಾರಿಹೋಗಲಿ ಎಂಬ ಯುಕ್ತಿ ಅದು ಎಂದು ಮಿಸ್ತ್ರಿಗಳು ಹೇಳುತ್ತಿದ್ದರು. ಮುಂಬಯಿಯಲ್ಲಿ ಹೆಪ್ಪುಗಟ್ಟುವುದು ಮೊಸರೊಂದೇ. ಆದರೆ ಇಲ್ಲಿಯ ಬಾವಿಗಳ ಉಪ್ಪುನೀರು ಬಿಲ್ಲೆಯನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ನೆಟ್ಟಗಿರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ. ನೀರು ಸೋರಿಹೋಗಿ ಎಂಜಿನ್ ಕಾದರೆ ಅದು ಎಲ್ಲೆಂದರಲ್ಲಿ ಬಿಗಿದು ನಿಂತುಬಿಡುತ್ತದೆ. ಸಪಾಟು ರಸ್ತೆಯಲ್ಲಾದರೆ ಬೈದು ತಳ್ಳಬಹುದು. ಪುಣೆಯ ದಾರಿಯಲ್ಲಿ ಖಂಡಾಳದ ಘಾಟಿಯಿದೆ.

ಹೊಸ ಬಿಲ್ಲೆ ಗ್ಯಾರೇಜಿನಲ್ಲಿತ್ತು. ಅರ್ಧ ತಾಸಿನ ಕೆಲಸ. ಹತ್ಯಾರಗಳು ಮಾತ್ರ ಮಣೆಯ ಮೇಲೆ ಹೂ ಮುಡಿದು ಕೂತಿದ್ದವು.

ಪಕ್ಕದಲ್ಲಿ ಚಹಾದ ಅಂಗಡಿ ಇಟ್ಟಿದ್ದ ಉಡುಪಿ ಕಡೆಯ ದೂಜ ಕೈ ಒರೆಸಿಕೊಳ್ಳುತ್ತ ಬಂದ. “ಎಂತ ಗದಿಗೆಪ್ಪಣ್ಣ, ಆಚೆ ಗ್ಯಾರೇಜಿಂದ ಸುತ್ತಿಗೆ ತಂದು ಕೊಡುದಾ? ಅವರಿಗೆ ಇದೆಲ್ಲ ಇಲ್ಲ.”

“ಯಾರ ಸುತ್ತಿಗಿ ಆದರೇನ? ಇವತ್ತ ಹತ್ಯಾರ ಅಂದ್ರ ಅವ್ವ. ನಾ ಮುಟ್ಟಾಂವಲ್ಲ.”

“ಹಾಗಾದ್ರೆ ನಾಳೆ ಮಾಡಿ ಮಾರಾಯ್ರೆ. ಬನ್ನಿ ಆದ ಕೂಡ್ಲೆ ಮಾಡಿದ್ರಾಯ್ತು.”

ನೋಡಿ, ಬುದ್ಧಿಯ ಮಾತು ಎಷ್ಟು ಸಲೀಸಾಗಿ ಬಂತು! ಅದನ್ನು ಕೇಳಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಪೂಜೆಯ ಪ್ರಸಾದಕ್ಕೆ ಬಂದ ನಾಲ್ಕೈದು ಡ್ರೈವರುಗಳು ಸುತ್ತ ನಿಂತಿದ್ದರು. ಅವರಲ್ಲೊಬ್ಬ, “ಗದಿಗೆಪ್ಪ ಮಿಸ್ತ್ರಿಗೆ ಹತ್ಯಾರ ಯಾಕ ಬೇಕೋ? ಬೆರಳೇ ಸಾಕು,” ಅಂದ. ಗದಿಗೆಪ್ಪನ ಮೀಸೆ ಅಲುಗಿತು. ರುದ್ರವ್ವನ ಕಡೆ ತಿರುಗಿ, ಮಸಾಲೆ ಕುಟ್ಟುವ ಕಬ್ಬಿಣದ ಕುಟ್ಟಾಣಿ, ಹಳೆಯ ಸೌಟು, ಒಲೆಯ ಚಿಮಟ ತರಲು ಹೇಳಿದ. ಅಡಿಗೆಮನೆಯ ಕಬ್ಬಿಣಕ್ಕೆ ಆ ದಿನವೂ ರಜೆಯಿಲ್ಲ. ರಜೆ ಕೊಟ್ಟರೆ ಹಬ್ಬದ ಹೋಳಿಗೆ ಬೇಯುವುದು ಹೇಗೆ?

ಸೌಟಿನ ಹಿಡಿಯನ್ನು ಹಳೆಯ ಬಿಲ್ಲೆಯ ಅಂಚಿಗಿಟ್ಟು ಕುಟ್ಟಾಣಿಯಿಂದ ಬಡಿದ. ತುಕ್ಕು ಹಿಡಿದ ಬಿಲ್ಲೆ ಹಪ್ಪಳದ ಹಾಗೆ ಮುರಿದು ಅಡ್ಡಡ್ಡ ತಿರುಗಿತು. ಚಿಮಟದಿಂದ ಎಳೆದು ತೆಗೆದ. ಜನ ಭಲೇ ಅಂದರು. ಇನ್ನು ತೂತಿನ ಅಂಚನ್ನು ಕಬ್ಬಿಣ ಹೊಳೆಯುವವರೆಗೆ ಕೆರೆಯಬೇಕು. ಕೆರೆಯುವ ಉಳಿ ಪೂಜೆಯಲ್ಲಿತ್ತು. ಪಾತ್ರೆ ತಿಕ್ಕುವ ನಾರು ಮತ್ತು ಬೂದಿಯಿಂದ ತಿಕ್ಕಿದ. ಬೆರಳಿಗೆ ಇನ್ನೂ ಗರಗರ ಹತ್ತುತ್ತಿತ್ತು. ನೀರು ಸೋರದ ಹಾಗೆ ಅಂಚಿಗೆ ಸಫೇದಾದ ಬಿಳಿ ಅಂಟು ಬಳಿದು ಹೊಸ ಬಿಲ್ಲೆ ಇಟ್ಟ. ಬಿಲ್ಲೆಯನ್ನು ನೆಟ್ಟಗೆ ಕೂರಿಸಲು ಅದರೊಳಗೆ ಸರಿಯಾಗಿ ಹಿಡಿಯುವ ದುಂಡನೆಯ ಕಬ್ಬಿಣದ ತುಂಡನ್ನಿಟ್ಟು ಹೊಡೆಯಬೇಕು. ಅಂಥ ತುಂಡನ್ನು ಗದಿಗೆಪ್ಪ ತಾನೇ ಲೇಥಿನಲ್ಲಿ ಕಡೆಸಿಟ್ಟಿದ್ದ. ಅದೂ ಮಣೆಯ ನಡುವೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ಕುಟ್ಟಾಣಿಯ ತುದಿಯಿಂದಲೇ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಬಡಿದು ಬಡಿದು ಒಳಗೆ ನೂಕಿದ.

ನೀರು ತುಂಬಿ ಎಂಜಿನ್ ಚಾಲು ಮಾಡಿದರು. ಹತ್ತು ನಿಮಿಷ ಕಾದರು. ಒಂದು ಹನಿ ಕೂಡ ಬೀಳಲಿಲ್ಲ. ಡ್ರೈವರುಗಳು ಅವನ ಬೆನ್ನು ತಟ್ಟಿದರು.

ಗದಿಗೆಪ್ಪ ಮಾತ್ರ ಮತ್ತೊಮ್ಮೆ ಹೆಬ್ಬೆರಳಿನಿಂದ ಬಿಲ್ಲೆಯ ಅಂಚು ಸವರಿದ. ಕೆಳಗಿನ ಅಂಚು ಉಗುರಿನ ದಪ್ಪದಷ್ಟು ಹೊರಗಿತ್ತು. ಬಿಲ್ಲೆ ಓರೆಯಾಗಿ ಕೂತಿತ್ತು. ನಿಂತಲ್ಲಿ ಓಡುವ ಎಂಜಿನ್ನಿಗೆ ಓರೆ ಬಿಲ್ಲೆಯೂ ತಡೆಯುತ್ತದೆ. ಗಂಟು ಹೊತ್ತು ಘಾಟಿ ಏರುವಾಗ ನೀರು ಕುದಿಯುತ್ತದೆ, ಒಳಗಿನಿಂದ ಒತ್ತುತ್ತದೆ. ಇದು ಅವನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು.

“ಮಾಮಾ, ಘಾಟಿ ಹತ್ತತೈತಲಾ?” ಈರಣ್ಣ ಸ್ಟಿಯರಿಂಗ್ ಹಿಡಿದು ಕೇಳಿದ. ಅವನ ಕ್ಲೀನರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಹೊರಟವನು ಒಬ್ಬನೇ.

ಎಲ್ಲರೂ ಗದಿಗೆಪ್ಪನ ಬಾಯಿ ನೋಡುತ್ತಿದ್ದರು.

“ಹತ್ತತೈತಿ. ಗದಿಗೆಪ್ಪನ ಕೈ ಅದು.”

ಲಾರಿ ಹೊಗೆ ಬಿಟ್ಟು ತಿರುವಿನಲ್ಲಿ ಮರೆಯಾಯಿತು.

ಆ ದಿನ ಗದಿಗೆಪ್ಪ ಹೋಳಿಗೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಈಗ ಠಾಣೆ ದಾಟಿರಬೇಕು, ಈಗ ಪನವೇಲ್ ಎಂದು ಮನಸ್ಸು ಲಾರಿಯ ಹಿಂದೆಯೇ ಓಡುತ್ತಿತ್ತು. ಘಾಟಿಯ ಬುಡದ ಖೊಪೋಲಿಯಲ್ಲಿ ಲಾರಿಗಳು ಎರಡು ತಾಸು ನಿಲ್ಲುವುದುಂಟು. ಡ್ರೈವರುಗಳು ಉಂಡು, ಅಡ್ಡಾಗಿ, ಎಂಜಿನ್ ತಣಿದ ಮೇಲೆ ಹತ್ತುತ್ತಾರೆ. ಪುಣೆಯ ರೈಲು ಹತ್ತಿ ನಡುವೆ ಗಾಡಿ ಬದಲಿಸಿದರೆ ಅವನನ್ನು ಅಲ್ಲಿ ಹಿಡಿಯಬಹುದು. ಗದಿಗೆಪ್ಪ ಅಂಗಿ ತೊಟ್ಟು, ಬೀಡಿ ತರುತ್ತೇನೆಂದು ಹೇಳಿ ಸ್ಟೇಷನ್ನಿಗೆ ಹೋದ. ಪುಣೆಯ ಗಾಡಿ ಬಂದು ನಿಂತಿತು. ಹತ್ತಿಕೊಂಡು ಹೋಗಿ ಏನು ಹೇಳುವುದು? ನನ್ನ ಕೆಲಸ ನೆಟ್ಟಗಿಲ್ಲ, ಇಳಿ ಎಂದೇ? ಖೊಪೋಲಿಯ ಚಹಾದಂಗಡಿಯಲ್ಲಿ ಕೂತ ಅಷ್ಟೂ ಡ್ರೈವರುಗಳ ಎದುರಿಗೆ? ಎಷ್ಟು ಗಾಡಿಗೆ ಎಂಥೆಂಥ ಬಿಲ್ಲೆ ಇರುತ್ತವೆ, ಏನಾಗುವುದಿಲ್ಲ ಅಂದುಕೊಂಡ. ಏನಾಗುತ್ತದೆ ಎಂಬುದು ಒಳಗೆ ಕಾಣುತ್ತಲೇ ಇತ್ತು, ಆದರೂ ಅಂದುಕೊಂಡ. ಗಾರ್ಡು ಸೀಟಿ ಊದಿದ, ಗಾಡಿ ಹೋಯಿತು. ಗದಿಗೆಪ್ಪ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಬೀಡಿಯನ್ನೂ ಕೊಳ್ಳದೆ ನಿಂತಿದ್ದ. ಅವನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ. ಬೆಳಿಗ್ಗೆ ಜನರೆದುರು ಬಾಯಿ ಕಟ್ಟಿತ್ತು, ಆಗಲಿ. ಇಲ್ಲಿ ಅವನನ್ನು ಹಿಡಿದವರು ಯಾರು?

ಮರುದಿನ ಬೆಳಿಗ್ಗೆ ಚಾಳಿನಲ್ಲಿ ಬನ್ನಿಯ ಎಲೆ ಕೈಯಿಂದ ಕೈಗೆ ದಾಟುತ್ತಿತ್ತು. “ಬಂಗಾರದ್ಹಾಂಗ ಇರೂಣು” ಎಂದು ಯಾರೋ ಗದಿಗೆಪ್ಪನ ಅಂಗೈಗೆ ಎಲೆ ಇಟ್ಟರು. ಆಗ ದೂಜ ಮೆಟ್ಟಿಲು ಹತ್ತಿ ಬಂದ. ಅವನ ಕೈಯಲ್ಲಿ ಎಲೆಯಿರಲಿಲ್ಲ.

“ಸೇಠ್‌ನ ಆಫೀಸಿಗೆ ಫೋನು ಬಂದಿತ್ತಂತೆ. ಜೀವಕ್ಕೆ ಎಂತ ಇಲ್ಲ ರುದ್ರವ್ವಕ್ಕ. ಆದ್ರೆ...” ಅಷ್ಟು ಹೇಳಿ ಗೋಡೆ ಹಿಡಿದುಕೊಂಡ.

ಘಾಟಿಯ ಅರ್ಧದಲ್ಲಿ ಬಿಲ್ಲೆ ಹಾರಿತ್ತು. ನೀರೆಲ್ಲ ಹೋಗಿ ಎಂಜಿನ್ ಬಿಗಿದು ಲಾರಿ ನಿಂತಿತು. ಈರಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಕ್ಲೀನರ್ ಇಲ್ಲದ ಕಾರಣ ತಾನೇ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಲು ಹೋದ. ಅಷ್ಟು ಭಾರಕ್ಕೆ ಬ್ರೇಕು ನಿಲ್ಲಲಿಲ್ಲ. ಲಾರಿ ಹಿಂದಕ್ಕೆ ಸರಿದು ಗುಡ್ಡದ ಬದಿಯ ಚರಂಡಿಗೆ ಬಿತ್ತು. ಬೀಳುವ ಮೊದಲು ಅವನ ಬಲಗಾಲಿನ ಮೇಲೆ ಹಾದಿತ್ತು. ಪುಣೆಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಚಾಳು ಒಂದೇ ಬಾಯಲ್ಲಿ ತೀರ್ಪು ಕೊಟ್ಟಿತು: ಖಂಡೇನವಮಿಯ ದಿನ ಎಂಜಿನ್ ಬಿಚ್ಚಿದರೆ ದೇವಿ ಸುಮ್ಮನಿರುತ್ತಾಳೆಯೇ? ರುದ್ರವ್ವ ಗೋಡೆಗೆ ತಲೆ ಬಡಿದುಕೊಂಡಳು. “ನಾನ ಕುಟ್ಟಾಣಿ ತಂದ ಕೊಟ್ಟೆ. ನನ್ನ ಕೈಲೇ ನನ್ನ ತಮ್ಮನ ಕಾಲ ತಗದೆ.” ಹೆಂಗಸರು ಅವಳನ್ನು ಹಿಡಿದು ಕೂರಿಸಿದರು. ಅಲ್ಲವೆಂದು ಒಬ್ಬರೂ ಅನ್ನಲಿಲ್ಲ. ಗದಿಗೆಪ್ಪನೂ ಅನ್ನಲಿಲ್ಲ. ಅಪರಾಧವನ್ನು ದೇವಿ ಮತ್ತು ಹೆಂಡತಿ ಸೇರಿ ಹೊತ್ತುಕೊಂಡಿದ್ದರು. ಇವನ ಹೆಗಲು ಖಾಲಿಯಾಗಿತ್ತು.

ಗಂಡಹೆಂಡಿರು ಪುಣೆಗೆ ಹೋದರು. ರುದ್ರವ್ವ ವಾರ್ಡಿನ ಬಾಗಿಲಲ್ಲೇ ಕುಸಿದು ಕೂತಳು, ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ. ಈರಣ್ಣನ ಮುಖ ಒಂದು ರಾತ್ರಿಯಲ್ಲಿ ಅರ್ಧವಾಗಿತ್ತು. ಹೊದಿಕೆ ಬಲಗಡೆ ಮೊಣಕಾಲಿನ ಕೆಳಗೆ ತಟ್ಟನೆ ಸಪಾಟಾಗಿತ್ತು. ಗದಿಗೆಪ್ಪ ಅಲ್ಲಿ ನೋಡಬಾರದೆಂದುಕೊಂಡು ಅಲ್ಲೇ ನೋಡಿದ.

“ಅಕ್ಕನ್ನ ಒಳಗ ಕರಿ ಮಾಮಾ. ಆಕೀದೇನ ತಪ್ಪ? ಹಬ್ಬದ ದಿನ ಗಾಡಿ ಬಿಚ್ಚಿದ್ವಿ, ಅವ್ವ ಮುನಿದ್ಲು. ನನ್ನ ಹಣೇಬರ.”

ತಪ್ಪಿಸಿಕೊಳ್ಳುವ ಬಾಗಿಲು ಇನ್ನೊಮ್ಮೆ ತೆರೆದಿತ್ತು, ಅದೂ ಪೆಟ್ಟು ತಿಂದವನ ಕೈಯಿಂದಲೇ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಗದಿಗೆಪ್ಪನ ಬಗ್ಗೆ ಏನಾದರೂ ಒಳ್ಳೆಯದು ಹೇಳಬೇಕೆಂದರೆ, ಅವನು ಈ ಸಲ ಹೂಂ ಅನ್ನಲಿಲ್ಲ.

“ಅವ್ವ ಮುನಿಲಿಲ್ಲೋ ಈರ್ಯಾ. ಬಿಲ್ಲಿ ಓರಿ ಕುಂತಿತ್ತು. ಉಳಿ ಇಲ್ದ, ಸುತ್ತಿಗಿ ಇಲ್ದ ಅದು ನೆಟ್ಟಗ ಕುಂದ್ರತಿದ್ದಿಲ್ಲ. ನನ್ನ ಬೆರಳಿಗಿ ಹತ್ತಿತ್ತು. ನೀ ಹೊಂಡೂಕಿಂತ ಮೊದಲ ಗೊತ್ತಿತ್ತು ನನಗ.”

ಬಾಗಿಲಲ್ಲಿ ರುದ್ರವ್ವನ ಅಳು ನಿಂತಿತು. ಅವಳು ಸೆರಗನ್ನು ಬಾಯಿಂದ ತೆಗೆದು ಗಂಡನನ್ನೇ ನೋಡಿದಳು.

ಈರಣ್ಣ ಹೊದಿಕೆಯ ಸಪಾಟು ಜಾಗವನ್ನು ಅಂಗೈಯಿಂದ ಸವರಿದ. ಸಿಟ್ಟಾಗಿದ್ದರೆ, ಕೈಗೆ ಸಿಕ್ಕಿದ್ದು ಎಸೆದಿದ್ದರೆ ಗದಿಗೆಪ್ಪ ಹಗುರಾಗುತ್ತಿದ್ದ. ಆದರೆ ಈರಣ್ಣ ಹನ್ನೆರಡರ ವಯಸ್ಸಿನಲ್ಲಿ ಎಂಜಿನ್ನಿನ ವಿಷಯ ಕೇಳುತ್ತಿದ್ದ ದನಿಯಲ್ಲೇ, ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ:

“ಹತ್ಯಾರ ಎತ್ತೂ ಹಂಗಿದ್ದಿಲ್ಲ, ಖರೆ. ಇವತ್ತ ಹೋಗಬ್ಯಾಡ ಅನ್ನಾಕ ಯಾವ ಹತ್ಯಾರ ಬೇಕಾಗಿತ್ತ, ಮಾಮಾ?”