ಪುಟ್ಟಮಾದಯ್ಯ ತಟ್ಟಿ ನೋಡಿದ ಮರ

ಪುಟ್ಟಮಾದಯ್ಯ ತಟ್ಟಿ ನೋಡದೆ ಏನನ್ನೂ ನಂಬಿದವರಲ್ಲ. ಹಲಗೆ ತಟ್ಟುತ್ತಿದ್ದರು, ಸರಿ, ಅದು ಬಡಗಿಯ ಧರ್ಮ. ಆದರೆ ಕಲ್ಲಂಗಡಿಯನ್ನೂ ತಟ್ಟುತ್ತಿದ್ದರು, ಪಕ್ಕದ ಮನೆಯವರ ನೀರಿನ ಡ್ರಮ್ಮನ್ನೂ ತಟ್ಟುತ್ತಿದ್ದರು. ಮಗಳಿಗೆ ಗಂಡು ನೋಡಲು ಹೋದ ಕಡೆ ಬೀಗರ ಬಾಗಿಲನ್ನೇ ತಟ್ಟಿ, “ತೇಗ ಅಂದಿದ್ರಿ, ಇದು ತೇಗ ಅಲ್ವಲ್ಲಾ” ಅಂದು ಹೆಂಡತಿಯ ಕೈಲಿ ತೊಡೆ ಚಿವುಟಿಸಿಕೊಂಡಿದ್ದರು. ಮಂಡಿ ಮೊಹಲ್ಲಾದ ಓಣಿಯೊಂದರಲ್ಲಿ ಮಂಚ, ಬೀರು ಮಾಡುತ್ತಿದ್ದ ಮುದಿ ಮಿಸ್ತ್ರಿಯೊಬ್ಬರ ಬಳಿ ಅವರು ಕೆಲಸ ಕಲಿತದ್ದು. ಮರ ಸುಳ್ಳು ಹೇಳುವುದಿಲ್ಲ ಎಂದು ಆ ಮಿಸ್ತ್ರಿ ಹೇಳಿಕೊಟ್ಟಿದ್ದರು. ಬಡಗಿ ಹೇಳಬಹುದು ಎನ್ನುವುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಮೂವತ್ತೊಂದು ವರ್ಷದಿಂದ ಅವರು ನಗರದ ರಂಗಕಲಾ ಕೇಂದ್ರದಲ್ಲಿ ಸೆಟ್ ಮಾಡುವ ಬಡಗಿ. ಅರಮನೆ ಬೇಕೆಂದರೆ ಅರಮನೆ, ಗುಡಿಸಲು ಬೇಕೆಂದರೆ ಗುಡಿಸಲು, ಮಾರನೇ ದಿನ ಎರಡನ್ನೂ ಬಿಚ್ಚಿ ಅದೇ ಮೊಳೆ ಅದೇ ಹಲಗೆಯಲ್ಲಿ ಜೈಲು. ಕೇಂದ್ರದ ಹೆಮ್ಮೆ ಎಂದರೆ ಅದರ ಬಯಲು ರಂಗಮಂದಿರ. ಅರ್ಧಚಂದ್ರಾಕಾರವಾಗಿ ಇಳಿದು ಬರುವ ಕಲ್ಲಿನ ಮೆಟ್ಟಿಲುಗಳು, ಕೆಳಗೆ ಮಣ್ಣಿನ ರಂಗ, ಮೆಟ್ಟಿಲೂ ರಂಗವೂ ಸೇರುವ ಎಡಮೂಲೆಯಲ್ಲಿ ಒಂದು ಭಾರೀ ಮಳೆಮರ. ಅದರ ಒಂದು ದೊಡ್ಡ ಕೊಂಬೆ ರಂಗದ ನೆತ್ತಿಯ ಮೇಲೆ, ಇನ್ನೊಂದು ಮೆಟ್ಟಿಲುಗಳ ಮೇಲೆ ಚಾಚಿಕೊಂಡಿತ್ತು. ಬಂದ ಗಣ್ಯರೆಲ್ಲ ಮೊದಲು ಮರವನ್ನು ಹೊಗಳಿ, ಆಮೇಲೆ ಸಮಯವಿದ್ದರೆ ನಾಟಕವನ್ನು ಹೊಗಳುತ್ತಿದ್ದರು.

ಮಾದಯ್ಯನಿಗೆ ಇನ್ನೊಂದು ಕೆಲಸವೂ ಇತ್ತು. ನಾಟಕಕ್ಕೆ ಮುಂಚಿನ ಮೂರು ಬೆಲ್ ಹೊಡೆಯುವವರು ಅವರೇ. ಮೂರನೆಯದು ಬಿದ್ದರೆ ದೇವರು ಬಂದರೂ ಆಟ ನಿಲ್ಲುವ ಹಾಗಿಲ್ಲ. ರಂಗಪೂಜೆ ಮುಗಿದು ಕಾಯಿ ಒಡೆದ ಮೇಲೆ ಅಲ್ಲಿ ಯಾರೂ ಕೆಟ್ಟ ಮಾತು ಆಡಬಾರದು ಎಂಬ ಕಟ್ಟಳೆಯನ್ನು ಕಾಯುತ್ತಿದ್ದವರೂ ಅವರೇ. ‘ಬೀಳುತ್ತೆ’, ‘ಹೋಯ್ತು’ ಎಂದರೂ ಸಾಕು, ಕಣ್ಣು ಕೆಂಪಗೆ ಮಾಡುತ್ತಿದ್ದರು.

ಈಗ ಆ ಮರದಲ್ಲಿದ್ದ ಒಂದು ಕೊಕ್ಕೆಯ ವಿಷಯ ಹೇಳಬೇಕು. ಹದಿನಾರು ವರ್ಷದ ಹಿಂದೆ ನಿರ್ದೇಶಕರೊಬ್ಬರು ಅಪ್ಸರೆ ಆಕಾಶದಿಂದ ಉಯ್ಯಾಲೆಯಲ್ಲೇ ಇಳಿಯಬೇಕು ಎಂದು ಹಟ ಹಿಡಿದರು. ಕೊಂಬೆಗೆ ಹಗ್ಗ ಸುತ್ತಿದ್ದರೆ ಮುಗಿಯುತ್ತಿತ್ತು. ಆದರೆ ಸುತ್ತಿದ ಹಗ್ಗ ಜನಕ್ಕೆ ಕಾಣುತ್ತದೆ, ಅಂದ ಕೆಡುತ್ತದೆ. ಮಾದಯ್ಯ ಬೈರಿಗೆ ಹಿಡಿದು ಹತ್ತಿದರು, ರಂಗದ ಮೇಲಿನ ಕೊಂಬೆಯನ್ನು ಈ ಬದಿಯಿಂದ ಆ ಬದಿಗೆ ಕೊರೆದರು, ಕಬ್ಬಿಣದ ಬೋಲ್ಟು ತೂರಿಸಿ ಅಡಿಗೆ ಕೊಕ್ಕೆ ಬಿಗಿದರು. ಅಪ್ಸರೆ ಇಳಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಂದು ತೆಗೆದ ಫೋಟೋ ಇವತ್ತಿಗೂ ಕಚೇರಿಯ ಗೋಡೆಯ ಮೇಲಿದೆ. ಉಯ್ಯಾಲೆಯ ಪಕ್ಕದಲ್ಲಿ ಬೈರಿಗೆ ಹಿಡಿದು ನಿಂತ ಮಾದಯ್ಯನ ಮುಖದಲ್ಲಿ ಮದುವೆಗಂಡಿನ ಕಳೆ.

ಈ ವರ್ಷದ ಬೇಸಿಗೆ ಶಿಬಿರ ಶುರುವಾದದ್ದು ಏಪ್ರಿಲ್ ಎರಡನೇ ವಾರ. ಅರವತ್ತು ಮಕ್ಕಳು. ಶಿಬಿರ ನಡೆಸುತ್ತಿದ್ದ ತನ್ಮಯಿ ಸರಸ್ವತಿಪುರಂನ ಹುಡುಗಿ, ಕೆಲಸದಲ್ಲಿ ಚುರುಕು. ಕೊನೆಯ ದಿನದ ನಾಟಕದಲ್ಲಿ ಚಂದ್ರನ ಮಗಳು ಉಯ್ಯಾಲೆಯಲ್ಲಿ ಇಳಿಯುವುದೆಂದು ಅವಳೇ ಬರೆದಿದ್ದಳು. ಚಂದ್ರನ ಮಗಳು ಲಾಸ್ಯ ಎಂಬ ಒಂಬತ್ತು ವರ್ಷದ ಹುಡುಗಿ. ಅದೇ ಸಮಾರೋಪದಲ್ಲಿ ಮಾದಯ್ಯನಿಗೆ ಪೇಟ ತೊಡಿಸಿ, ಶಾಲು ಹೊದಿಸಿ ನಿವೃತ್ತಿಯ ಬೀಳ್ಕೊಡುಗೆ.

“ಮಾದಯ್ಯನೋರೆ, ನಿಮ್ಮ ಕೊಕ್ಕೆ ಇದೆಯಲ್ಲ, ಅದೇ ಸಾಕು” ಎಂದಳು ತನ್ಮಯಿ.

ಮಾದಯ್ಯ ಏಣಿ ಹಾಕಿ ಹತ್ತಿದರು. ಬೆಳಗಿನ ಹತ್ತು ಗಂಟೆ, ಎಲೆ ಅಲುಗದಷ್ಟು ಸೆಕೆ. ಕೊಕ್ಕೆಯ ಸುತ್ತ ತೊಗಟೆ ಕಪ್ಪಾಗಿ, ಒದ್ದೆಯಾಗಿ, ಬೆರಳಿಟ್ಟರೆ ಒಳಕ್ಕೆ ಹೋಗುವಷ್ಟು ಮೆತ್ತಗಾಗಿತ್ತು. ಬೋಲ್ಟಿನ ಪಕ್ಕದ ಸಂದಿನೊಳಕ್ಕೆ ಗೊದ್ದದ ಇರುವೆಗಳು ಸಾಲುಗಟ್ಟಿ ಹೋಗುತ್ತಿದ್ದವು. ಕೊಡತಿಯಿಂದ ತಟ್ಟಿದರು. ಗಟ್ಟಿ ಮರದ ಸದ್ದು ಬರಲಿಲ್ಲ. ಖಾಲಿ ಡಬ್ಬದ ಸದ್ದು ಬಂತು. ಕೆಳಗಿಳಿದು ಮುರಿದ ಕೊಡೆಯ ಕಡ್ಡಿಯೊಂದನ್ನು ತಂದು ಸಂದಿಗೆ ತೂರಿಸಿದರು. ಒಂದೂವರೆ ಮೊಳದ ಕಡ್ಡಿ ಎಲ್ಲಿಯೂ ತಡೆಯದೆ ಒಳಗೆ ಹೋಯಿತು. ಹೊರಗೆ ಎಳೆದಾಗ ಅದರ ತುಂಬ ನಸ್ಯದಂಥ ಕಂದು ಪುಡಿ.

ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾವು ಕೊರೆದ ತೂತಿನೊಳಗೆ ಹದಿನಾರು ಮಳೆಗಾಲದ ನೀರು ಇಳಿದಿತ್ತು. ಕೊಂಬೆ ಸತ್ತಿತ್ತು, ಕೊಂದವರು ತಾವು. ಕಡ್ಡಿಯನ್ನು ಒರೆಸಿ ಏಣಿ ಇಳಿದರು.

ನೇರ ಕಚೇರಿಗೆ ಹೋದರು. ಆಡಳಿತಾಧಿಕಾರಿ ಮಹದೇವಪ್ರಸಾದ್ ಕೆಟ್ಟ ಮನುಷ್ಯನೇನಲ್ಲ. ಕೇಳಿದ್ದನ್ನು ಬರೆದುಕೊಳ್ಳುವವರು, ಬರೆದದ್ದನ್ನು ಕಳಿಸುವವರು.

“ಸಾ, ಆ ಕೊಂಬೆ ಯಾಕೋ ಸರಿ ಕಾಣಾಕಿಲ್ಲ.”

“ಏನಾಗಿದೆ ಮಾದಯ್ಯನೋರೆ? ಯಾಕಾಗಿದೆ? ಅರಣ್ಯ ಇಲಾಖೆಯ ಮರದ ಅಧಿಕಾರಿಗೆ ಬರೀಬೇಕಾದ್ರೆ ಕಾರಣ ಕೊಡಬೇಕು.”

ಮಾದಯ್ಯನ ಕಣ್ಣು ಗೋಡೆಯ ಫೋಟೋ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರಿಗೆ ಫೋಟೋದಲ್ಲಿ ಕಂಡದ್ದು ಬೈರಿಗೆ ಮಾತ್ರ. ಮೂವತ್ತೊಂದು ವರ್ಷ ‘ಮಾದಯ್ಯ ಮುಟ್ಟಿದ್ದು ಕೆಡಲ್ಲ’ ಅನ್ನಿಸಿಕೊಂಡವರ ಬಾಯಿಗೆ ‘ಕೆಡಿಸಿದ್ದು ನಾನೇ’ ಎಂಬ ಮಾತು ಬಿಸಿತುಪ್ಪವಾಯಿತು.

“ಸ್ವಲ್ಪ ಒಣಗ್ದಂಗದೆ, ಅಷ್ಟೇಯ” ಎಂದರು.

ಮಹದೇವಪ್ರಸಾದ್ ‘ಸ್ವಲ್ಪ ಒಣಗಿದೆ’ ಎಂದೇ ಬರೆದರು. ನಾಲ್ಕನೇ ದಿನ ಇಲಾಖೆಯಿಂದ ಇಬ್ಬರು ಬಂದು ದೋಟಿಯಲ್ಲಿ ಒಣ ರೆಂಬೆಗಳನ್ನು ಎಳೆದು ಬೀಳಿಸಿ, ಕಾಫಿ ಕುಡಿದು, ಸಹಿ ಹಾಕಿ ಹೋದರು. ಅರ್ಧ ಹೇಳಿದರೆ ಅರ್ಧವೇ ರಿಪೇರಿ! ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲರಿಗೂ ಧೈರ್ಯ ಬಂದದ್ದು. “ಮರ ನೋಡಿಸಿ ಆಯ್ತು, ಇನ್ನು ಭಯ ಇಲ್ಲ” ಎಂದು ತನ್ಮಯಿ ಮಕ್ಕಳನ್ನು ದಿನವೂ ಅದರಡಿಯಲ್ಲೇ ಕುಣಿಸಿದಳು.

ಆ ದಿನಗಳಲ್ಲಿ ಮಾದಯ್ಯ ಹೇಗಿದ್ದರು ಎಂದು ಅವರ ಹೆಂಡತಿಯನ್ನು ಕೇಳಬೇಕು. ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಉಯ್ಯಾಲೆ ಕಟ್ಟದಿರಲು ದಿನಕ್ಕೊಂದು ನೆಪ ಹೇಳಿದರು: ಹಗ್ಗ ಬಂದಿಲ್ಲ, ಹಲಗೆಯ ಬಣ್ಣ ಒಣಗಿಲ್ಲ, ಸೊಂಟ ಹಿಡಿದಿದೆ. ಮಕ್ಕಳು ತಾಲೀಮು ಮಾಡುವಾಗ ಸುತ್ತಿಗೆ ಕೆಳಗಿಟ್ಟು ಕತ್ತೆತ್ತಿ ನಿಂತುಬಿಡುತ್ತಿದ್ದರು. ಆ ಕೊಂಬೆಯಲ್ಲಿ ಗಲಾಟೆ ಮಾಡುತ್ತಿದ್ದ ಗಿಳಿಗಳು ಒಂದೊಂದಾಗಿ ಬೇರೆ ಕೊಂಬೆಗೆ ಹೋಗಿದ್ದವು. ಬೆಳಿಗ್ಗೆ ರಂಗ ಗುಡಿಸುವಾಗ ಕೊಕ್ಕೆಯ ನೇರಕ್ಕೆ ಮಣ್ಣಿನ ಮೇಲೆ ಒಂದು ಹಿಡಿ ಕಂದು ಪುಡಿ ಬಿದ್ದಿರುತ್ತಿತ್ತು. ಅವರೇ ಗುಡಿಸಿ ಹಾಕುತ್ತಿದ್ದರು. ‘ನಾಳೆ ಹೇಳ್ತೀನಿ’ ಎಂದುಕೊಂಡೇ ಇಪ್ಪತ್ತೆರಡು ನಾಳೆಗಳು ಕಳೆದವು.

ಸಮಾರೋಪದ ದಿನ ನೆಪ ಮುಗಿಯಿತು. ತನ್ಮಯಿ ಮುನಿಸಿಕೊಂಡೇ ಎದುರು ನಿಂತು ಉಯ್ಯಾಲೆ ಕಟ್ಟಿಸಿದಳು. ಸಂಜೆ ಮೆಟ್ಟಿಲುಗಳ ತುಂಬ ಜನ, ಐನೂರಕ್ಕೆ ಕಡಿಮೆಯಿಲ್ಲ. ಮುಂದಿನ ಸಾಲಿನಲ್ಲಿ ತಟ್ಟೆಯೊಳಗೆ ಮಡಿಸಿಟ್ಟ ಶಾಲು, ಪೇಟ. ರಂಗಪೂಜೆ ಆಯಿತು, ಕಾಯಿ ಒಡೆದದ್ದಾಯಿತು. ಇನ್ನು ಕೆಟ್ಟ ಮಾತು ಆಡುವಂತಿಲ್ಲ. ಒಂದನೇ ಬೆಲ್ ಹೊಡೆದರು. ಎರಡನೆಯದನ್ನೂ ಹೊಡೆದರು. ಗಾಳಿ ಪೂರ್ತಿ ನಿಂತುಹೋಗಿತ್ತು.

ಪರದೆಯ ಹಿಂದೆ ಲಾಸ್ಯ ಬೆಳ್ಳಿ ಬಣ್ಣದ ಲಂಗ ತೊಟ್ಟು ಉಯ್ಯಾಲೆಯ ಹಲಗೆಯ ಮೇಲೆ ಕೂತಳು. ಹಗ್ಗ ಬಿಗಿಯಾಯಿತು.

“ತಾತ, ಕಣ್ಣಿಗೆ ಏನೋ ಬಿತ್ತು. ಮೇಲಿಂದ ಪುಡಿ ಉದುರ್ತಿದೆ ನೋಡಿ.”

ಅವಳ ಬೆಳ್ಳಿ ಕಿರೀಟದ ಮೇಲೆ, ಹೆಗಲ ಮೇಲೆ ಕಂದು ಪುಡಿ ಬಿದ್ದಿತ್ತು. ಮೇಲೆ ಎಲ್ಲೋ ಚಿಟ್ ಎಂದಿತು. ಮಾದಯ್ಯ ಓಡಿ ಹುಡುಗಿಯನ್ನು ಎತ್ತಿಕೊಂಡರು. “ಎಲ್ರೂ ಆಚೆಗೆ, ಆಚೆಗೆ ಓಡ್ರವ್ವಾ!” ಎಂದು ಉಳಿದ ಮಕ್ಕಳನ್ನು ಅಟ್ಟುತ್ತ, ಪರದೆ ಸರಿಸಿಕೊಂಡು ಐನೂರು ಜನರ ಮುಂದೆ ಬಂದು ನಿಂತರು. ಬೆಲ್ ಹೊಡೆಯುವವರು ರಂಗದ ಮೇಲೆ ಬಂದದ್ದನ್ನು ಕಂಡು ಯಾರೋ ನಕ್ಕರು. ಇದೂ ನಾಟಕವೆಂದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

“ಕೊಂಬೆ ಬೀಳ್ತದೆ!” ಎಂದು ಮಾದಯ್ಯ ಕೂಗಿದರು. “ಒಳಗೆಲ್ಲ ಟೊಳ್ಳು ಬಿದ್ದದೆ. ಕೊಕ್ಕೆ ಆಕಿದ್ದು ನಾನೇಯ, ತೂತು ಕೊರ್ದಿದ್ದು ನಾನೇಯ. ಇಪ್ಪತ್ತೆರಡು ದಿನದಿಂದ ಗೊತ್ತಿತ್ತು ನಂಗೆ. ಮರ್ವಾದೆಗೆ ಅಂಜಿ ಯೋಳ್ನಿಲ್ಲ.”

ಆಗ ಎದ್ದ ಗದ್ದಲವನ್ನು ಏನು ಹೇಳಲಿ! ತಂದೆತಾಯಂದಿರು ನುಗ್ಗಿ ಬಂದು ತಮ್ಮ ತಮ್ಮ ಮಕ್ಕಳನ್ನು ಎಳೆದುಕೊಂಡರು. ಲಾಸ್ಯಳ ತಾಯಿ ಪ್ರೇಮಲೀಲಾ ಮಗಳ ತಲೆಯ ಮೇಲಿನ ಪುಡಿಯನ್ನು ಕೊಡವುತ್ತ, ಮಾದಯ್ಯನ ಮುಖವನ್ನೇ ನೋಡಿದರು.

“ಇಪ್ಪತ್ತೆರಡು ದಿನ ನನ್ನ ಮಗು ಇದರ ಕೆಳಗೆ ಕುಣೀತಿತ್ತಾ? ನೀವು ನೋಡ್ಕೊಂಡು ನಿಂತಿದ್ರಾ?”

ತನ್ಮಯಿ ಮಾದಯ್ಯನ ಕಡೆ ತಿರುಗಿಯೂ ನೋಡದೆ ಮಕ್ಕಳನ್ನು ಎಣಿಸುತ್ತಿದ್ದಳು. ಶಾಲನ್ನೂ ಪೇಟವನ್ನೂ ಯಾರೋ ತಟ್ಟೆಯ ಸಮೇತ ಒಳಗೆ ತೆಗೆದುಕೊಂಡು ಹೋದರು.

ವಾರದೊಳಗೆ ಇಲಾಖೆಯವರು ಆ ಕೊಂಬೆಯನ್ನು ಕಡಿದರು. ಗರಗಸ ಅರ್ಧ ಇಳಿಯುವ ಮೊದಲೇ ಅದು ತಾನಾಗಿ ಮುರಿದು, ಅಂದು ಅಪ್ಸರೆ ಇಳಿದ ಜಾಗದಲ್ಲಿ ಮೊಳಕಾಲುದ್ದ ಹೊಂಡ ಮಾಡಿತು. ಇನ್ನೊಂದು ಕೊಂಬೆ ಹಸಿರಾಗಿದೆ, ಮರ ಕ್ಷೇಮ ಎಂದು ಬರೆದು ಕಡತ ಮುಚ್ಚಿದರು.

ಮೇ ತಿಂಗಳ ಕೊನೆಯ ಭಾನುವಾರ ಮಾದಯ್ಯ ತಮ್ಮ ಉಳಿ, ಬಾಚಿಗಳ ಪೆಟ್ಟಿಗೆ ತರಲು ಕೇಂದ್ರಕ್ಕೆ ಹೋದರು. ಐದೂವರೆಗೆ ಹೊರಗಿನ ತಂಡವೊಂದರ ನಾಟಕವಿತ್ತು. ಕೊಂಬೆ ಕಡಿದ ಜಾಗವನ್ನು ಒಮ್ಮೆ ನೋಡಿ ಹೋಗೋಣವೆಂದು ಏಣಿ ಹತ್ತಿದರು. ಕಡಿದ ಮುಖದಲ್ಲಿ ಕರಿಯ ಪೊಟರೆ ಬಾಯಿ ತೆರೆದಿತ್ತು. ಕೈ ಹಾಕಿದರು. ಪೊಟರೆ ಅಲ್ಲಿಗೇ ನಿಂತಿರಲಿಲ್ಲ. ಕಾಂಡದೊಳಕ್ಕೆ ಇಳಿದು ಆ ಕಡೆಗೆ ಹೊರಳಿತ್ತು. ಮೆಟ್ಟಿಲುಗಳ ಮೇಲೆ ಚಾಚಿದ ಕೊಂಬೆಯ ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಅದೇ ಡಬ್ಬದ ಸದ್ದು.

ಈ ಸಲ ನಾಳೆ ಎನ್ನಲಿಲ್ಲ. ಕೈಯ ಪುಡಿಯನ್ನೂ ಕೊಡವದೆ ಕಚೇರಿಗೆ ಓಡಿದರು.

“ಸಾ, ಇಡೀ ಮರ ಟೊಳ್ಳು ಸಾ. ಜನ ಕೂರೋ ಕಡೆ ಕೊಂಬೇನೂ ಒಳಗೆ ಸತ್ತೋಗದೆ. ಇವತ್ತಿನ ನಾಟ್ಕ ನಿಲ್ಲಿಸ್ಬುಡಿ.”

ಮಹದೇವಪ್ರಸಾದ್ ಪೆನ್ನು ಕೆಳಗಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

“ಮೊದಲು ಸ್ವಲ್ಪ ಒಣಗಿದೆ ಅಂದ್ರಿ, ಹಾಗೇ ಬರೆದೆ. ಆಮೇಲೆ ಐನೂರು ಜನದ ಮುಂದೆ ಕೊಂಬೆ ಟೊಳ್ಳು ಅಂದ್ರಿ, ನನಗೆ ನೋಟಿಸ್ ಬಂತು. ಈಗ ಮರಾನೇ ಟೊಳ್ಳು ಅಂತೀರಿ. ನಿಮ್ಮ ಯಾವ ಮಾತನ್ನ ನಾನು ಮೇಲಕ್ಕೆ ಕಳಿಸ್ಲಿ ಮಾದಯ್ಯನೋರೆ? ನೋಡಿದವರು ಕ್ಷೇಮ ಅಂತ ಸಹಿ ಹಾಕಿದ್ದಾರೆ. ನಾಳೆ ಅರ್ಜಿ ಕೊಡಿ, ನೋಡೋಣ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ಮಾದಯ್ಯನ ಬಾಯಿಗೆ ಪೂರ್ತಿ ನಿಜ ಬಂದದ್ದು, ಆ ಬಾಯನ್ನು ನಂಬುವವರು ಒಬ್ಬರೂ ಉಳಿಯದ ಮೇಲೆ.

ಅವರು ಹೊರಗೆ ಓಡಿ ಬಂದು ಮೆಟ್ಟಿಲುಗಳ ನಡುವೆ ಕೈ ಅಗಲಿಸಿ ನಿಂತರು. “ಈ ಕಡೆ ಕೂರ್ಬೇಡಿ ಕಣ್ರೀ, ಅತ್ಲಾಗೆ ಓಗಿ, ನಿಮ್ ದಮ್ಮಯ್ಯ” ಎಂದು ಬಂದವರನ್ನೆಲ್ಲ ಬೇಡಿಕೊಂಡರು. ಮುದುಕನಿಗೆ ಏನೋ ಆಗಿದೆ ಎಂದು ಒಬ್ಬಿಬ್ಬರು ಪಾಪವೆಂದು ನೋಡಿದರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಆಚೆ ಬದಿಗೆ ಹೋದಳು, ಕಲ್ಲು ಕಾದಿತ್ತು, ಒಂದು ನಿಮಿಷ ಕೂತು ಎದ್ದು ವಾಪಸ್ಸು ಬಂದಳು. ಬಿಸಿಲಿನ್ನೂ ಇಳಿದಿರಲಿಲ್ಲ. ನೆರಳಿದ್ದದ್ದು ಆ ಕೊಂಬೆಯ ಕೆಳಗೆ ಮಾತ್ರ, ಬಂದವರೆಲ್ಲ ಅಲ್ಲಿಗೇ ಬಂದು ಒತ್ತೊತ್ತಾಗಿ ಕೂತರು.